ಲೆಟ್ಯೂಸ್ ಮತ್ತು ಕರಬೂಜ: ತಳಿಯ ಆಯ್ಕೆ, ಬಿತ್ತನೆ ಹಾಗೂ ಬೀಜ ಸಂರಕ್ಷಣೆ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ತಾರಸಿ ಹಾಗೂ ಬಾಲ್ಕನಿಗಳಲ್ಲಿ ಕೈತೋಟ ಮಾಡಿಕೊಂಡಿವೆ. ಒಂದೇ ದೊಡ್ಡ ಕುಂಡದಲ್ಲಿ ಚಳಿಗಾಲಕ್ಕೆ ಲೆಟ್ಯೂಸ್ ಸೊಪ್ಪನ್ನೂ ಬೇಸಿಗೆಗೆ ಕರಬೂಜವನ್ನೂ ಬೆಳೆಯಬಹುದು. ಆದರೆ ಇವೆರಡರ ಸ್ವಭಾವ ಪರಸ್ಪರ ವಿರುದ್ಧ. ಒಂದು ತಂಪನ್ನು ಬಯಸಿದರೆ ಮತ್ತೊಂದು ಬಿಸಿಲನ್ನು ಬಯಸುತ್ತದೆ. ಒಂದರ ಬೀಜ ಬಹುಮಟ್ಟಿಗೆ ತಾನಾಗಿಯೇ ಶುದ್ಧವಾಗಿ ಉಳಿಯುತ್ತದೆ. ಮತ್ತೊಂದರ ಬೀಜ ಎಚ್ಚರ ತಪ್ಪಿದರೆ ಒಂದೇ ತಲೆಮಾರಿನಲ್ಲಿ ಬೆರಕೆಯಾಗುತ್ತದೆ. ಊರಿನಿಂದ ತಂದ ಬೀಜಗಳನ್ನು ಜೋಪಾನ ಮಾಡಿಕೊಂಡು ಬಂದಿರುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಲೆಟ್ಯೂಸ್

ಇದರಲ್ಲಿ ಬಿಡಿ ಎಲೆಯ, ಮೃದುವಾದ ಸಡಿಲ ಗಡ್ಡೆಯ, ನೀಳ ಎಲೆಯ ರೋಮೇನ್ ಹಾಗೂ ಬಿಗಿ ಗಡ್ಡೆಯ ಐಸ್‌ಬರ್ಗ್ ಎಂಬ ಬಗೆಗಳಿವೆ. ಗಡ್ಡೆ ಕಟ್ಟುವ ಗ್ರೇಟ್ ಲೇಕ್ಸ್‌ನಂತಹ ತಳಿಗಳಿಗೆ ದೀರ್ಘವಾದ ಚಳಿ ಬೇಕು. ದೆಹಲಿಗೆ ಅವು ಒಪ್ಪುತ್ತವೆ. ಮುಂಬಯಿ, ಚೆನ್ನೈ, ಹೈದರಾಬಾದ್‌ಗಳಲ್ಲಿ 45ರಿಂದ 50 ದಿನಗಳಲ್ಲಿ ಕೊಯ್ಲಿಗೆ ಬರುವ ಬಿಡಿ ಎಲೆಯ ತಳಿಗಳೇ ಲೇಸು.

ಮಣ್ಣಿನ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಬೀಜ ಚೆನ್ನಾಗಿ ಮೊಳೆಯುತ್ತದೆ. 30 ಡಿಗ್ರಿ ಮೀರಿದರೆ ಉತ್ತಮ ಬೀಜವೂ ಮೊಳೆಯದೆ ಉಳಿಯಬಹುದು. ಆದ್ದರಿಂದ ದೆಹಲಿ, ಪುಣೆಗಳಲ್ಲಿ ಅಕ್ಟೋಬರ್‌ನಿಂದಲೂ, ಕರಾವಳಿಯ ನಗರಗಳಲ್ಲಿ ಡಿಸೆಂಬರ್ ಹೊತ್ತಿಗೂ ಬಿತ್ತುವುದು ಸೂಕ್ತ. ಅನೇಕ ತಳಿಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕಾಗುವುದರಿಂದ ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಬಿಸಿಲು ಏರಿದಂತೆ ಗಿಡ ಹೂವಿನ ದಂಡು ಎತ್ತುತ್ತದೆ, ಎಲೆ ಕಹಿಯಾಗುತ್ತದೆ. ಅದಕ್ಕೆ ಮೊದಲೇ ಕೊಯ್ದುಕೊಳ್ಳಬೇಕು.

ಕರಬೂಜ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಜೀತ್ ಮತ್ತು ಅರ್ಕಾ ರಾಜಹಂಸ್ ತಳಿಗಳನ್ನು ನೀಡಿದೆ. ಅರ್ಕಾ ಜೀತ್‌ನ ಹಣ್ಣು ಸಣ್ಣದು, ಬಲು ಸಿಹಿ, ಕುಂಡಕ್ಕೆ ಅನುಕೂಲ. ರಾಜಹಂಸ್‌ನ ಹಣ್ಣು ಒಂದು ಕಿಲೋಗ್ರಾಂ ಮೀರಿ ತೂಗುವುದರಿಂದ ನೆಲಕ್ಕೆ ಅಥವಾ ಭದ್ರವಾದ ಚಪ್ಪರಕ್ಕೆ ಸರಿ. ಉತ್ತರ ಭಾರತದಲ್ಲಿ ಪೂಸಾ ಶರ್ಬತಿ, ಹಸಿರು ತಿರುಳಿನ ಹರಾ ಮಧು ಪ್ರಸಿದ್ಧವಾಗಿವೆ.

ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಎರಡು ಸೆಂಟಿಮೀಟರ್ ಆಳಕ್ಕೆ ಊರಬೇಕು. ಮುಂಬಯಿಯಲ್ಲಿ ಮುಂಗಾರಿಗೆ ಮೊದಲೇ ಹಣ್ಣು ಕೈಸೇರಲು ಜನವರಿ–ಫೆಬ್ರವರಿಯಲ್ಲಿ ಬಿತ್ತನೆ ಮುಗಿಯಬೇಕು. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಅಗತ್ಯ. ಮೊದಲು ಬರುವ ಗಂಡು ಹೂಗಳು ಉದುರಿದರೆ ಚಿಂತಿಸಬೇಕಾಗಿಲ್ಲ. ಜೇನ್ನೊಣ ಬಾರದ ಎತ್ತರದ ಮಹಡಿಗಳಲ್ಲಿ ಬೆಳಗ್ಗೆ ಗಂಡು ಹೂವಿನ ಪರಾಗವನ್ನು, ಬುಡದಲ್ಲಿ ಪುಟ್ಟ ಕಾಯಿಯಿರುವ ಹೂವಿಗೆ ನಾವೇ ಸೋಕಿಸಬೇಕು. ಪರಿಮಳ ಹೊಮ್ಮಿ, ಹಣ್ಣು ತೊಟ್ಟಿನಿಂದ ಸುಲಭವಾಗಿ ಕಳಚಿದರೆ ಮಾಗಿದೆಯೆಂದು ತಿಳಿಯಬಹುದು. ಹರಾ ಮಧುವಿನಂತಹ ಕೆಲವು ತಳಿಗಳಲ್ಲಿ ಬಣ್ಣವನ್ನೂ ನೋಡಬೇಕು.

ಬೀಜ ಉಳಿಸುವ ಕ್ರಮ

ಎಫ್-1 ಎಂದು ಮುದ್ರಿಸಿದ ಸಂಕರ ತಳಿಯ ಬೀಜವನ್ನು ಮರುಬಿತ್ತನೆ ಮಾಡಿದರೆ ತಾಯಿಯ ಗುಣ ಹಾಗೆಯೇ ಬಾರದು. ಬೀಜ ಉಳಿಸಬೇಕೆಂದಿದ್ದರೆ ಸಂಕರವಲ್ಲದ ತಳಿಯನ್ನೇ ಕೊಳ್ಳಬೇಕು. ಲೆಟ್ಯೂಸ್ ಬಹುತೇಕ ಸ್ವಕೀಯ ಪರಾಗಸ್ಪರ್ಶದ ಸಸ್ಯ. ತಡವಾಗಿ ದಂಡು ಎತ್ತಿದ ಗಿಡದ ಬೀಜವನ್ನೇ ಆರಿಸಿಕೊಂಡರೆ ಸಾಕು.

ಕರಬೂಜದ ವಿಷಯ ಹಾಗಲ್ಲ. ನಮ್ಮ ಮಂಗಳೂರು ಸೌತೆ, ಕೊಂಕಣದಲ್ಲಿ ಚಿಬೂಡ್ ಎನಿಸಿಕೊಳ್ಳುವ ಕರಾವಳಿಯ ಇಬ್ಬುಡ್ಲ, ಕರಬೂಜ – ಇವೆಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ. ಅಕ್ಕಪಕ್ಕದಲ್ಲಿ ಹೂಬಿಟ್ಟರೆ ಜೇನ್ನೊಣಗಳು ಇವನ್ನು ಬೆರೆಸಿಬಿಡುತ್ತವೆ. ಆ ವರ್ಷದ ಕಾಯಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದರ ಬೀಜ ಬಿತ್ತಿದಾಗ ಅಜ್ಜಿಯ ಕಾಲದ ಸೌತೆಯ ರುಚಿ ಕೈತಪ್ಪಿರುತ್ತದೆ. ಮುಳ್ಳುಸೌತೆ, ಕಲ್ಲಂಗಡಿಗಳಿಂದ ಮಾತ್ರ ಈ ಭಯವಿಲ್ಲ.

ಇದಕ್ಕೆ ಉಪಾಯ ಸರಳ. ಮರುದಿನ ಅರಳಲಿರುವ ಗಂಡು ಮೊಗ್ಗಿಗೂ ಕಾಯಿಯ ಮೊಗ್ಗಿಗೂ ಸಂಜೆಯೇ ತೆಳುಬಟ್ಟೆಯ ಚೀಲ ಕಟ್ಟಬೇಕು. ಬೆಳಗ್ಗೆ ಪರಾಗ ಸೋಕಿಸಿ, ಮತ್ತೆ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ತೊಟ್ಟಿಗೆ ದಾರದ ಗುರುತು ಹಾಕಬೇಕು. ಪೂರ್ಣ ಮಾಗಿದ ಆ ಹಣ್ಣಿನ ಬೀಜವನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹೆಸರು, ವರ್ಷ ಬರೆದಿಡಬೇಕು. ತಂಪಾದ ಒಣ ಜಾಗದಲ್ಲಿ ಕರಬೂಜದ ಬೀಜ ಸುಮಾರು ಐದು ವರ್ಷ, ಲೆಟ್ಯೂಸ್ ಬೀಜ ಎರಡು–ಮೂರು ವರ್ಷ ಬಾಳುತ್ತದೆ. ಹಳೆಯ ಬೀಜವಾದರೆ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಎಷ್ಟು ಮೊಳೆಯುತ್ತವೆಂದು ನೋಡಿದ ಬಳಿಕವೇ ಬಿತ್ತುವುದು ಒಳಿತು.