ಅಂಗೈ ಮೇಲಿನ ಸೊನ್ನೆ, ಮನೆಯಿಂದ ಬಂದ ಪತ್ರ

ಬೆಳಗಿನ ಆರು ಗಂಟೆ. ಊರಿನ ಮಠದ ಬಾಗಿಲು ತೆರೆಯುತ್ತದೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ, ಅದು ಗೌರವ. ಎರಡನೆಯವನ ಅಂಗೈಗೆ ಒಂದು ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಏಟು ಹೆಚ್ಚುತ್ತಾ ಹೋಗುತ್ತದೆ. ಕೊನೆಗೆ ಬಂದವನ ಪಾಡು ಏನೆಂದು ಬೇರೆ ಹೇಳಬೇಕಾಗಿಲ್ಲ.

ಇದು ಕಥೆಯಲ್ಲ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ಎಂಬಾತ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಬರೆದಿರುವ ಸಂಗತಿ. ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಲೆಕ್ಕ ಕೊಡುವಂತೆ ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷವಷ್ಟೇ ಎಲ್ಲ ಕಲೆಕ್ಟರುಗಳಿಗೂ ಆಜ್ಞೆ ಮಾಡಿದ್ದ. ಹಾಜರಿ ಪುಸ್ತಕವಿಲ್ಲದ ಕಾಲದಲ್ಲಿ ಮಕ್ಕಳ ಅಂಗೈಯೇ ಹಾಜರಿ ಪುಸ್ತಕವಾಗಿತ್ತೆಂಬುದು ಈ ವರದಿಯಿಂದ ನಮಗೆ ತಿಳಿಯುತ್ತದೆ.

ಇಂದು ಮಗುವನ್ನು ಒಂದನೇ ತರಗತಿಗೆ ಸೇರಿಸುವ ತಂದೆ ತಾಯಿಯ ಮುಂದೆ ಹಲವು ನಿಯಮಗಳಿರುತ್ತವೆ. ಇಷ್ಟು ದಿನ ಬರಲೇಬೇಕು, ಬಾರದಿದ್ದರೆ ಕಾರಣ ತಿಳಿಸಬೇಕು, ಜ್ವರ ಬಂದರೆ ಕಳಿಸಬಾರದು, ಲಸಿಕೆ ಹಾಕಿಸಿರಬೇಕು. ಶಾಲೆಯ ಮೇಲೂ ನಿಯಮಗಳಿವೆ: ಬೆಂಕಿ ಆರಿಸುವ ಸಾಧನ ಇರಬೇಕು, ಊಟವನ್ನು ಮೊದಲು ಶಿಕ್ಷಕರು ರುಚಿ ನೋಡಬೇಕು, ಮಗುವಿಗೆ ಹೊಡೆಯಬಾರದು. ಇವೆಲ್ಲ ಒಟ್ಟಿಗೆ ಹುಟ್ಟಿದವಲ್ಲ. ಹೆತ್ತವರನ್ನು ಕಟ್ಟಿಹಾಕುವ ನಿಯಮಗಳು ಮೊದಲು ಬಂದವು. ಶಾಲೆಯನ್ನೂ ಸರ್ಕಾರವನ್ನೂ ಕಟ್ಟಿಹಾಕುವ ನಿಯಮಗಳು ಬರಲು ಹೆಚ್ಚು ಕಡಿಮೆ ನೂರು ವರ್ಷ ಹಿಡಿಯಿತು. ಈ ನೂರು ವರ್ಷದ ಅಂತರದಲ್ಲಿ ಏನಾಯಿತೆಂಬುದೇ ಇಲ್ಲಿನ ವಿಷಯ.

ಮತ್ತೆ ಬಳ್ಳಾರಿಗೆ ಬರೋಣ. ಆಗ ಅನಂತಪುರವೂ ಸೇರಿದ್ದ ಆ ದೊಡ್ಡ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಅವರಲ್ಲಿ ಹುಡುಗಿಯರು ಬರೀ 60. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226, ಇಂಗ್ಲಿಷ್ ಕಲಿಸುವುದು ಒಂದೇ ಒಂದು. ಸಾವಿರ ಜನಕ್ಕೆ ಏಳು ಮಂದಿಯೂ ಶಾಲೆಯಲ್ಲಿಲ್ಲ ಎಂದು ಕ್ಯಾಂಪ್‌ಬೆಲ್ ಲೆಕ್ಕ ಹಾಕಿದ. ಕಾರಣವನ್ನೂ ಕೊಟ್ಟ. ಮಧ್ಯಮ ಮತ್ತು ಕೆಳವರ್ಗದ ಜನರಿಗೆ ಮಕ್ಕಳ ಓದಿನ ಖರ್ಚು ಹೊರುವ ಶಕ್ತಿ ಉಳಿದಿಲ್ಲ. ಮಗುವಿನ ಎಳೆಯ ಕೈಕಾಲು ಒಂದಿಷ್ಟು ಕೆಲಸಕ್ಕೆ ಬಂದ ಕೂಡಲೇ ಅದನ್ನು ದುಡಿಮೆಗೆ ಹಚ್ಚದೆ ಅವರಿಗೆ ವಿಧಿಯಿಲ್ಲ, ಎಂದು. ಜಿಲ್ಲೆ ಬಡವಾಗಲು ಕಂಪನಿಯ ಆಡಳಿತವೂ ಕಾರಣ ಎಂಬ ಅರ್ಥ ಬರುವಂತೆ ಆತ ಬರೆದಿದ್ದಾನೆ. ಒಬ್ಬ ಕಲೆಕ್ಟರ್ ತನ್ನ ಮೇಲಿನವರಿಗೆ ಹೀಗೆ ಬರೆಯುವುದು ಆಗಲೂ ಅಪರೂಪ, ಈಗಲೂ ಅಪರೂಪ.

ಅಂದರೆ ಏಟಿನ ಭಯ ಮಠದ ಹೊಸ್ತಿಲ ಒಳಗೆ ಬಂದವರಿಗೆ ಮಾತ್ರ. ಹೊಲದಲ್ಲಿ ದನ ಕಾಯುತ್ತಿದ್ದ ಹುಡುಗನ ಅಂಗೈ ಮೇಲೆ ಯಾರೂ ಸೊನ್ನೆ ಬರೆಯಲಿಲ್ಲ.

ಆ ಹುಡುಗನನ್ನು ಶಾಲೆಗೆ ತರಲು ಕಾನೂನೇ ಬೇಕು ಎಂಬ ಆಲೋಚನೆ ನಮ್ಮ ದೇಶದಲ್ಲಿ ಮೊದಲು ಕೆಲಸಕ್ಕೆ ಇಳಿದದ್ದು ಬರೋಡ ಸಂಸ್ಥಾನದಲ್ಲಿ. ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಶಿಕ್ಷಣವನ್ನು ಪ್ರಯೋಗ ಮಾಡಿ ನೋಡಿದರು. 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಮಗುವನ್ನು ಕಳಿಸದ ಹೆತ್ತವರಿಗೆ ದಂಡವೂ ಇತ್ತು.

ಬರೋಡದಲ್ಲಿ ಆದದ್ದು ಬ್ರಿಟಿಷ್ ಇಂಡಿಯಾದಲ್ಲಿ ಏಕಾಗಬಾರದು ಎಂದು ಕೇಳಿದವರು ಗೋಪಾಲಕೃಷ್ಣ ಗೋಖಲೆ. 1911ರ ಮಾರ್ಚ್‌ನಲ್ಲಿ ಅವರು ವೈಸರಾಯರ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಇಂಗ್ಲೆಂಡಿನ 1870, 1876ರ ಮತ್ತು ಐರ್ಲೆಂಡಿನ 1892ರ ಕಾಯ್ದೆಗಳನ್ನು ನೋಡಿ ರಚಿಸಿದ ಮಸೂದೆ ಅದು. ಆರರಿಂದ ಹತ್ತು ವರ್ಷದ ಹುಡುಗರು ಶಾಲೆಗೆ ಬರಲೇಬೇಕು. ಊರೂರಿಗೆ ಹಾಜರಿ ಸಮಿತಿ ಇರಬೇಕು. ಕಳಿಸದ ತಂದೆಗೆ ದಂಡ. ಆದರೆ ಗೋಖಲೆಯವರಿಗೆ ಹಳ್ಳಿಯ ಬಾಳು ಗೊತ್ತಿತ್ತು. ಕಾಯಿಲೆ, ಮನೆಯ ತಾಪತ್ರಯ, ಬೇಸಾಯದ ಸುಗ್ಗಿಯ ಕೆಲಸ ಇವನ್ನು ಗೈರುಹಾಜರಿಗೆ ಒಪ್ಪಬಹುದಾದ ಕಾರಣಗಳೆಂದು ಮಸೂದೆಯಲ್ಲೇ ಸೇರಿಸಿದರು. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ವರಮಾನದವರಿಗೆ ಫೀ ಬೇಡ ಎಂದರು. ಇಷ್ಟು ಮೆತ್ತಗಿದ್ದ ಮಸೂದೆಯೂ 1912ರಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಸರ್ಕಾರದವರಷ್ಟೇ ಅಲ್ಲ, ನಮ್ಮ ಜಮೀನ್ದಾರರೂ ಇದ್ದರು. ದನ ಕಾಯುವ ಹುಡುಗ ಶಾಲೆಗೆ ಹೋದರೆ ದನ ಕಾಯುವವರು ಯಾರು?

ಮೈಸೂರು ಸಂಸ್ಥಾನ ಈ ಮತಗಳ ಎಣಿಕೆಗೆ ಕಾಯಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷವೇ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಜಾರಿಗೆ ಬಂತು. ಆಯ್ದ ಸ್ಥಳಗಳಲ್ಲಿ ಹಾಜರಿ ಕಡ್ಡಾಯವಾಯಿತು. ಧಾರವಾಡ, ಬೆಳಗಾವಿಗಳಿದ್ದ ಮುಂಬಯಿ ಪ್ರಾಂತದಲ್ಲಿ ವಿಠ್ಠಲಭಾಯಿ ಪಟೇಲರು 1918ರಲ್ಲಿ ಕಾಯ್ದೆ ತಂದರು. ಬಳ್ಳಾರಿ, ಮಂಗಳೂರುಗಳಿದ್ದ ಮದರಾಸಿನಲ್ಲಿ 1920ರಲ್ಲಿ ಬಂತು. ಹೀಗೆ ಕನ್ನಡದ ಮಕ್ಕಳು ಊರಿಗೊಂದು ಕಾಯ್ದೆಯ ಕೆಳಗೆ ಶಾಲೆಗೆ ಹೋದರು, ಅಥವಾ ಹೋಗದೆ ಉಳಿದರು. ರಾಜ್ಯ ಒಂದಾದ ಮೇಲೆ 1961ರಲ್ಲಿ ಬಂದ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಎಲ್ಲರಿಗೂ ಒಂದೇ ನಿಯಮ ಮಾಡಿತು.

ಕಾಯ್ದೆ ಬಂತು, ಮಕ್ಕಳು ಬಂದರೇ? ಅಮೆರಿಕದ ವಿದ್ವಾಂಸ ಮೈರನ್ ವೀನರ್ 1991ರಲ್ಲಿ ಭಾರತದ ಮಗು ಮತ್ತು ಸರ್ಕಾರದ ಬಗ್ಗೆ ಒಂದು ಪುಸ್ತಕ ಬರೆದರು. ರಾಜ್ಯಗಳ ಈ ಕಾಯ್ದೆಗಳು ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮಾಡಲು ಅಧಿಕಾರ ಕೊಟ್ಟವೇ ಹೊರತು ಕಡ್ಡಾಯ ಮಾಡಲೇಬೇಕೆಂದು ಹೇಳಲಿಲ್ಲ ಎಂಬುದು ಅವರು ಎತ್ತಿ ತೋರಿಸಿದ ಮುಖ್ಯ ದೋಷ. ಇನ್ನು ದಂಡದ ಮಾತು. ಕೂಲಿ ಹೆಣ್ಣುಮಗಳಿಗೆ ದಂಡ ಹಾಕಿದರೆ ಆಕೆ ಅದನ್ನು ಕಟ್ಟುವುದು ಮಗುವಿನ ಕೂಲಿಯಿಂದಲೇ ಅಲ್ಲವೇ?

ಮಕ್ಕಳನ್ನು ನಿಜಕ್ಕೂ ಶಾಲೆಗೆ ಎಳೆದದ್ದು ದಂಡವಲ್ಲ, ಅನ್ನ. 1920ರ ಸುಮಾರಿಗೆ ಮದರಾಸಿನ ಕಾರ್ಪೊರೇಷನ್ ತನ್ನ ಒಂದು ಶಾಲೆಯಲ್ಲಿ ಮಧ್ಯಾಹ್ನದ ತಿಂಡಿ ಕೊಟ್ಟು ನೋಡಿತ್ತು. 1956ರಲ್ಲಿ ಕಾಮರಾಜರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅದನ್ನು ತಮಿಳುನಾಡಿನುದ್ದಕ್ಕೂ ಬೆಳೆಸಿದರು. ಕೇಂದ್ರ ಸರ್ಕಾರಕ್ಕೆ ಈ ಬುದ್ಧಿ ಬಂದದ್ದು 1995ರ ಆಗಸ್ಟ್ 15ರಂದು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಬೇಯಿಸಿದ ಊಟ ಸಿಗಲಿಲ್ಲ. ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಡುತ್ತಿದ್ದರು, ಅದೂ ನೂರಕ್ಕೆ 80ರಷ್ಟು ಹಾಜರಿ ಇದ್ದವರಿಗೆ. ಈ ಷರತ್ತನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಿಂಗಳಲ್ಲಿ 25 ದಿನ ಶಾಲೆ ನಡೆದರೆ 20 ದಿನ ಬರಬೇಕು. ಆರು ದಿನ ಜ್ವರದಲ್ಲಿ ಮಲಗಿದ ಮಗುವಿಗೆ ಅಕ್ಕಿಯಿಲ್ಲ. ಪಥ್ಯ ಬೇಕಾದ ಮಗುವಿಗೇ ಪಡಿ ಖೋತಾ! ಜ್ವರವಿದ್ದರೂ ಕಳಿಸುವ ತಾಯಿಯ ತಪ್ಪೋ, ಕರುಣೆಯಿಂದ ಸುಳ್ಳು ಹಾಜರಿ ಹಾಕುವ ಮೇಷ್ಟರ ತಪ್ಪೋ, ನಿಯಮ ಮಾಡಿದವರ ತಪ್ಪೋ?

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಈ ಧಾನ್ಯದ ಲೆಕ್ಕಾಚಾರಕ್ಕೆ ತೆರೆ ಎಳೆದು, ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಿಂದ ಅಕ್ಷರ ದಾಸೋಹ ಆರಂಭವಾಯಿತು. ಅಂದು ಬಂದವರಿಗೆ ಅಂದಿನ ಊಟ. 80ರ ಷರತ್ತಿಗೆ ಅಲ್ಲಿ ಜಾಗವಿಲ್ಲ.

ಇಲ್ಲಿಯವರೆಗೆ ಇದು ಮಗುವನ್ನು ಮನೆಯಿಂದ ಶಾಲೆಗೆ ತರುವ ಕತೆ. ತಂದ ಮೇಲೆ ಕಾಯುವವರು ಯಾರು ಎಂಬ ಪ್ರಶ್ನೆಯನ್ನು ಯಾವ ಕಾಯ್ದೆಯೂ ಗಟ್ಟಿಯಾಗಿ ಕೇಳಿರಲಿಲ್ಲ. ಅದನ್ನು ಕೇಳಿಸಿದ್ದು ಒಂದೇ ತಾರೀಖಿನಲ್ಲಿ ಒಂಬತ್ತು ವರ್ಷದ ಅಂತರದಲ್ಲಿ ನಡೆದ ಎರಡು ದುರಂತಗಳು.

2004ರ ಜುಲೈ 16. ತಮಿಳುನಾಡಿನ ಕುಂಭಕೋಣದಲ್ಲಿ ಒಂದೇ ಕಟ್ಟಡದೊಳಗೆ ಮೂರು ಶಾಲೆಗಳು ನಡೆಯುತ್ತಿದ್ದವು. ಚಿಕ್ಕ ಮಕ್ಕಳ ತರಗತಿಗಳು ಮೇಲಿನ ಅಂತಸ್ತಿನಲ್ಲಿ, ಒಣ ಗರಿಯ ಚಾವಣಿಯ ಕೆಳಗೆ. ಮೆಟ್ಟಿಲು ಕಿರಿದು. ಮಧ್ಯಾಹ್ನದ ಊಟದ ಅಡುಗೆ ಮನೆಯೂ ಅಲ್ಲೇ. ಬೆಂಕಿ ಚಾವಣಿಗೆ ಹತ್ತಿತು. 94 ಮಕ್ಕಳು ಸತ್ತರು. ಅಂದು ಗೈರುಹಾಜರಾಗಿದ್ದವರು ಬದುಕಿದರು. ಹಾಜರಿ ಪುಸ್ತಕದ ಇತಿಹಾಸದಲ್ಲಿ ಇದಕ್ಕಿಂತ ಕಹಿಯಾದ ವಾಕ್ಯವನ್ನು ಬರೆಯಲಾಗದು.

ಆಮೇಲೆ ತಮಿಳುನಾಡು ಸರ್ಕಾರ ಶಾಲೆಗಳ ಗರಿಯ ಚಾವಣಿಗಳನ್ನು ತೆಗೆಸಿತು. ಈ ದುರಂತದ ಹಿನ್ನೆಲೆಯಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಅವಿನಾಶ್ ಮೆಹ್ರೋತ್ರಾ ಪ್ರಕರಣ ಎಂದು ಹೆಸರಾದದ್ದು, ಸುಪ್ರೀಂ ಕೋರ್ಟ್ 2009ರ ಏಪ್ರಿಲ್ 13ರಂದು ತೀರ್ಪು ಕೊಟ್ಟಿತು. ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂಬುದು ತೀರ್ಪಿನ ತಿರುಳು. ಎಲ್ಲ ಶಾಲೆಗಳಲ್ಲೂ ಬೆಂಕಿ ಆರಿಸುವ ಸಾಧನ ಇಡಬೇಕು, ಶಿಕ್ಷಕರಿಗೆ ಅದರ ಬಳಕೆ ಕಲಿಸಬೇಕು, ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಹೊಂದಬೇಕು ಎಂದು ಕೋರ್ಟ್ ಹೇಳಿತು. ಬರೋಡದ 1906ರಿಂದ ಎಣಿಸಿದರೆ ನೂರಾ ಮೂರು ವರ್ಷಗಳು. ಕಳಿಸು ಎಂದು ಹೆತ್ತವರಿಗೆ ಹೇಳಿದ ಕಾನೂನು, ನಾನು ಕಾಯುತ್ತೇನೆ ಎಂದು ಹೇಳಲು ತೆಗೆದುಕೊಂಡ ಸಮಯ ಅದು.

ಅದೇ ವರ್ಷ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಏಪ್ರಿಲ್ 1ರಂದು ಜಾರಿಯಾಯಿತು. ಮಗುವನ್ನು ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ ಹತ್ತನೇ ಕಲಮು ಹೇಳುತ್ತದೆ, ಆದರೆ ದಂಡದ ಮಾತಿಲ್ಲ. ಕಡ್ಡಾಯ ಎಂಬ ಪದದ ಭಾರವನ್ನು ಕಾಯ್ದೆ ಸರ್ಕಾರದ ಹೆಗಲಿಗೆ ವರ್ಗಾಯಿಸಿತು. ಹದಿನೇಳನೇ ಕಲಮು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಬಳ್ಳಾರಿಯ ಐಗಳಿಗೆ ಇದನ್ನು ಓದಿ ಹೇಳಿದ್ದರೆ ನಂಬುತ್ತಿರಲಿಲ್ಲ.

2013ರ ಜುಲೈ 16. ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿ. ಶಾಲೆಯ ಊಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತಿತ್ತೆಂದು ಪರೀಕ್ಷೆಯಿಂದ ತಿಳಿಯಿತು. ನಮ್ಮ ರೈತರಿಗೂ ಪರಿಚಯವಿರುವ ಔಷಧಿಯೇ ಅದು. ಮುಖ್ಯ ಶಿಕ್ಷಕಿಗೆ 2016ರಲ್ಲಿ ಶಿಕ್ಷೆಯಾಯಿತು. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಎರಡು ಮೂರು ಮಂದಿ ದೊಡ್ಡವರು ರುಚಿ ನೋಡಬೇಕೆಂಬ ಮಾತು 2015ರ ಬಿಸಿಯೂಟ ನಿಯಮಗಳಲ್ಲಿ ಸ್ಪಷ್ಟವಾಗಿ ಸೇರಿತು. ಊಟದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದೂ ಸೇರಿತು. ಮನೆಯಲ್ಲಿ ಅಜ್ಜಿ ಸಾರಿನ ಒಂದು ಹನಿಯನ್ನು ಅಂಗೈಗೆ ಹಾಕಿಕೊಂಡು ನೋಡುವುದನ್ನು ಸರ್ಕಾರಕ್ಕೆ ಕಲಿಸಲು ಇಪ್ಪತ್ಮೂರು ಮಕ್ಕಳು ಬೇಕಾದರು.

ಅದೇ 2013ರಲ್ಲಿ ನಮ್ಮ ಹೈಕೋರ್ಟು ಒಂದು ಸಣ್ಣ ಪ್ರಶ್ನೆ ಎತ್ತಿತು. ಸಾವಿರಾರು ಮಕ್ಕಳು ಶಾಲೆಯಿಂದ ಹೊರಗಿದ್ದಾರೆಂಬ ಪತ್ರಿಕಾ ವರದಿ ನೋಡಿ ತಾನಾಗಿ ಪ್ರಕರಣ ದಾಖಲಿಸಿಕೊಂಡ ನ್ಯಾಯಾಲಯಕ್ಕೆ ಕಂಡದ್ದು, ಅರವತ್ತು ದಿನ ಬಾರದಿದ್ದರೆ ಮಾತ್ರ ಮಗುವನ್ನು ಶಾಲೆ ಬಿಟ್ಟದ್ದೆಂದು ಎಣಿಸುವ ನಿಯಮ. ಎರಡು ತಿಂಗಳೆಂದರೆ ಗುಳೆ ಹೋದ ಕುಟುಂಬ ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ನೆಲೆಯೂರಿ, ಮಗು ಇಟ್ಟಿಗೆ ಹೊರಲು ಕಲಿತಿರುತ್ತದೆ. ಆ ಅರವತ್ತು ಏಳಕ್ಕೆ ಇಳಿಯಿತು. ಏಳು ದಿನ ಸತತ ಕಾಣದಿದ್ದರೆ ಮೇಷ್ಟರು ಮನೆ ಬಾಗಿಲಿಗೆ ಹೋಗಿ ವಿಚಾರಿಸಬೇಕು. ಕೂಲಿಯಿಂದ ಶಾಲೆಗೆ, ಬಾ ಮರಳಿ ಶಾಲೆಗೆ ಎಂಬಂಥ ಹಿಂದಿನ ಆಂದೋಲನಗಳ ಚಂದದ ಹೆಸರುಗಳಿಗಿಂತ ಈ ಏಳೆಂಬ ಅಂಕಿ ಹೆಚ್ಚು ಕೆಲಸ ಮಾಡಬಲ್ಲದು ಎಂಬುದು ನನ್ನ ಅನಿಸಿಕೆ. ಹುಡುಕುವ ಹೊತ್ತಿಗೆ ಮಗು ಇನ್ನೂ ಊರಲ್ಲೇ ಇರುತ್ತದಲ್ಲ.

ಆರೋಗ್ಯದ ನಿಯಮಗಳಲ್ಲಿ ಮಾತ್ರ ಕಡ್ಡಾಯ ಎಂಬ ಪದ ಅಷ್ಟು ಸುಲಭವಾಗಿ ನಡೆದಿಲ್ಲ. ಅಮೆರಿಕದ ಬಾಸ್ಟನ್ ನಗರ 1827ರಲ್ಲೇ ಶಾಲೆಗೆ ಸೇರಲು ಸಿಡುಬಿನ ಲಸಿಕೆ ಬೇಕೆಂದಿತು. ನಮ್ಮಲ್ಲಿ ದಾಕು ಹಾಕುವವರು ಊರಿಗೆ ಬಂದರೆ ಮಕ್ಕಳು ಅಟ್ಟ ಹತ್ತುತ್ತಿದ್ದುದನ್ನು ಹಿರಿಯರು ಇಂದಿಗೂ ನಗುತ್ತಾ ಹೇಳುತ್ತಾರೆ. 2017ರ ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಗಿ, ಶಾಲೆಗಳಲ್ಲೇ ಚುಚ್ಚುಮದ್ದು ಹಾಕತೊಡಗಿದಾಗ ಅಟ್ಟದ ಕೆಲಸವನ್ನು ವಾಟ್ಸ್‌ಆ್ಯಪ್ ಮಾಡಿತು. ವದಂತಿ ನಂಬಿದ ಕೆಲವು ಹೆತ್ತವರು ಬೇಡವೆಂದರು. ಅವರಿಗೆ ದಂಡ ಹಾಕಲಿಲ್ಲ. ವೈದ್ಯರೂ ಶಿಕ್ಷಕರೂ ಕೂತು ವಿವರಿಸಬೇಕಾಯಿತು.

ಇನ್ನು ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರಾಥಮಿಕ ತರಗತಿಗಳು ಕರ್ನಾಟಕದಲ್ಲಿ 2021ರ ಅಕ್ಟೋಬರ್ 25ರಂದು ತೆರೆದವು. ಒಂದನೇ ತರಗತಿಗೆ ಮೊದಲ ಬಾರಿ ಕಾಲಿಟ್ಟ ಮಕ್ಕಳ ಜೊತೆಗೆ, ಎರಡನೇ ತರಗತಿಗೆ ಬಂದರೂ ಒಂದನೆಯದನ್ನು ನೋಡಿಯೇ ಇರದ ಮಕ್ಕಳೂ ಅಂದು ಒಳಗೆ ಬಂದರು. ಅಂದಿನ ನಿಯಮದಲ್ಲಿ ಎರಡು ಮಾತುಗಳಿದ್ದವು: ಹಾಜರಿ ಕಡ್ಡಾಯವಲ್ಲ, ಮತ್ತು ಮಗು ಬರುವುದಾದರೆ ಹೆತ್ತವರ ಒಪ್ಪಿಗೆ ಪತ್ರ ಬೇಕು. ಮೈಸೂರಿನ ರೆಗ್ಯುಲೇಷನ್ ಬಂದು ಆಗ ನೂರಾ ಎಂಟು ವರ್ಷವಾಗಿತ್ತು. ಬರೆಯಲು ಬಾರದ ತಾಯಂದಿರು ಆ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿ, ಮಡಿಸಿ, ಮಗುವಿನ ಚೀಲಕ್ಕೆ ಹಾಕಿ ಕಳಿಸಿದರು.