ಆಂಧ್ರ ಕರಾವಳಿಯಲ್ಲಿ ಮಹಿಳೆಯರ ಮತದಾನದ ಹಕ್ಕು: ಆರಂಭದ ಇತಿಹಾಸ

ವಿಶಾಖಪಟ್ಟಣ ಮತ್ತು ವಿಜಯವಾಡಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ನಾಡು ಹೊರನಾಡೆನಿಸಬಹುದು. ಆದರೆ ಮಹಿಳೆಯರ ಮತದಾನದ ಹಕ್ಕಿನ ಇತಿಹಾಸದಲ್ಲಿ ಈ ಎರಡು ನಗರಗಳೂ ನಮ್ಮ ಮಂಗಳೂರು, ಬಳ್ಳಾರಿಗಳೂ ಒಂದೇ ಅಧ್ಯಾಯಕ್ಕೆ ಸೇರಿದವು. ಅಂದು ಇವೆಲ್ಲವೂ ಮದರಾಸು ಪ್ರಾಂತ್ಯದ ಭಾಗಗಳಾಗಿದ್ದವು.

ಮೊದಲ ಬೇಡಿಕೆ

1917ರ ಮೇ ತಿಂಗಳಲ್ಲಿ ಮದರಾಸಿನ ಅಡಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗವು ಭಾರತ ಸಚಿವ ಮಾಂಟೆಗು ಅವರನ್ನು ಮದರಾಸಿನಲ್ಲಿ ಭೇಟಿಯಾಗಿ ಮತದಾನದ ಹಕ್ಕನ್ನು ಕೇಳಿತು. 1919ರ ಭಾರತ ಸರ್ಕಾರ ಕಾಯಿದೆಯು ನೇರವಾಗಿ ಹಕ್ಕು ನೀಡದೆ, ನಿರ್ಧಾರವನ್ನು ಪ್ರಾಂತೀಯ ಶಾಸನಸಭೆಗಳಿಗೆ ಬಿಟ್ಟಿತು. ಬ್ರಿಟಿಷ್ ಪ್ರಾಂತ್ಯಗಳ ಪೈಕಿ ಮೊದಲಿಗೆ ಮದರಾಸು 1921ರಲ್ಲಿ ಒಪ್ಪಿಗೆ ನೀಡಿತು. ಮೈಸೂರು ಸಂಸ್ಥಾನವು 1923ರಲ್ಲಿ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ಈ ಹಕ್ಕನ್ನು ವಿಸ್ತರಿಸಿತು.

ಆಸ್ತಿಯೇ ಅಳತೆಗೋಲು

1923ರ ಮದರಾಸು ಶಾಸನಸಭೆಯ ಚುನಾವಣೆಯಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಚಲಾಯಿಸಿದರು. ಆದರೆ ಮತಕ್ಕೆ ಮುಖ್ಯವಾಗಿ ಕಂದಾಯ ಅಥವಾ ತೆರಿಗೆ ಪಾವತಿಯೇ ಅರ್ಹತೆಯಾಗಿತ್ತು. ಜಮೀನು, ಮನೆಗಳು ಗಂಡಸರ ಹೆಸರಿನಲ್ಲಿಯೇ ಇರುತ್ತಿದ್ದುದರಿಂದ ಬಹುಪಾಲು ಗೃಹಿಣಿಯರು ಪಟ್ಟಿಯಿಂದ ಹೊರಗುಳಿದರು. ವಿಶಾಖಪಟ್ಟಣ ಜಿಲ್ಲೆಯ ಏಜೆನ್ಸಿ ಮಲೆಪ್ರದೇಶವನ್ನು ಸರ್ಕಾರವು ಹಿಂದುಳಿದ ಪ್ರದೇಶವೆಂದು ಪ್ರತ್ಯೇಕಿಸಿತ್ತು. ಅಂತಹ ಪ್ರದೇಶಗಳ ಪರವಾಗಿ ಶಾಸನಸಭೆಯಲ್ಲಿ ಇದ್ದವರು ನಾಮಕರಣಗೊಂಡ ಸದಸ್ಯರು.

1926ರಲ್ಲಿ ಮಹಿಳೆಯರಿಗೆ ಸ್ಪರ್ಧಿಸುವ ಅವಕಾಶವೂ ದೊರೆಯಿತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ಸರ್ಕಾರದ ನಾಮಕರಣದಿಂದ ಸದಸ್ಯೆಯಾದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ಆ ಸಭೆಯ ಉಪಾಧ್ಯಕ್ಷೆಯೂ ಆದರು. 1935ರ ಕಾಯಿದೆಯು ಅಕ್ಷರಸ್ಥ ಮಹಿಳೆಯರಿಗೂ ನಿಗದಿತ ಅರ್ಹತೆಯುಳ್ಳವರ ಪತ್ನಿಯರಿಗೂ ಮತ ನೀಡಿತು. ಮದರಾಸು ವಿಧಾನಸಭೆಯ 215 ಸ್ಥಾನಗಳಲ್ಲಿ 8 ಮಹಿಳೆಯರಿಗೆ ಮೀಸಲಾದವು.

ಎಲ್ಲರಿಗೂ ಮತ

ರಾಜಮಹೇಂದ್ರಿಯಲ್ಲಿ ಜನಿಸಿದ ದುರ್ಗಾಬಾಯಿ ದೇಶಮುಖ್ ಅವರು ಸದಸ್ಯೆಯಾಗಿದ್ದ ಸಂವಿಧಾನ ಸಭೆಯು ಆಸ್ತಿ, ಅಕ್ಷರಗಳ ಷರತ್ತುಗಳನ್ನು ತೆಗೆದುಹಾಕಿತು. 1951–52ರ ಪ್ರಥಮ ಮಹಾಚುನಾವಣೆಯಲ್ಲಿ ವಯಸ್ಕ ಮಹಿಳೆಯರೆಲ್ಲರೂ ಹಕ್ಕುದಾರರಾದರು. ಆದರೂ ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಅವರು ತಮ್ಮ ಸ್ವಂತ ಹೆಸರು ಹೇಳದೆ ಇಂಥವರ ಪತ್ನಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದುದೇ ಕಾರಣ. ಇವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

1923ರಲ್ಲಿ ಆಸ್ತಿಪತ್ರದಲ್ಲಿ ಹೆಸರಿಲ್ಲದ ಮಹಿಳೆಗೆ ಮತವಿರಲಿಲ್ಲ. 1951ರಲ್ಲಿ ಮತವಿದ್ದರೂ ಹೆಸರು ಬರೆಸದವಳು ಅದನ್ನು ಕಳೆದುಕೊಂಡಳು. ಮದುವೆಯಾಗಿ, ಉದ್ಯೋಗ ನಿಮಿತ್ತ ವರ್ಗವಾಗಿ ಊರಿಂದೂರಿಗೆ ಬರುವ ನಮ್ಮ ಹೆಣ್ಣುಮಕ್ಕಳ ಹೆಸರು ಹಳೆಯ ವಿಳಾಸದಲ್ಲಿಯೇ ಉಳಿದುಬಿಡುವುದುಂಟು. ಮನೆಯ ಪ್ರತಿಯೊಬ್ಬ ಮಹಿಳೆಯ ಹೆಸರೂ ಈಗಿರುವ ಊರಿನ ಮತದಾರರ ಪಟ್ಟಿಯಲ್ಲಿದೆಯೇ ಎಂದು ಎಲ್ಲ ಕುಟುಂಬಗಳೂ ಒಮ್ಮೆ ಪರಿಶೀಲಿಸಬೇಕೆಂದು ನಾವು ಕೋರುತ್ತೇವೆ.