ಪಿಬಿಡಿಇ ಜ್ವಾಲಾರೋಧಕಗಳು ಮತ್ತು ಮಕ್ಕಳ ಬುದ್ಧಿ ಬೆಳವಣಿಗೆ

ಸೋಫಾದ ಫೋಮ್, ಟಿವಿ ಮತ್ತು ಕಂಪ್ಯೂಟರುಗಳ ಪ್ಲಾಸ್ಟಿಕ್ ಕವಚ ಬೇಗ ಹೊತ್ತಿಕೊಳ್ಳದಿರಲೆಂದು ಬೆರೆಸುತ್ತಿದ್ದ ಬ್ರೋಮಿನ್‌ಯುಕ್ತ ರಾಸಾಯನಿಕಗಳ ಗುಂಪು ಪಿಬಿಡಿಇ (ಪಾಲಿಬ್ರೋಮಿನೇಟೆಡ್ ಡೈಫಿನೈಲ್ ಈಥರ್). ಬ್ರೋಮಿನ್ ಪರಮಾಣುಗಳ ಸಂಖ್ಯೆ ಮತ್ತು ಸ್ಥಾನಕ್ಕೆ ತಕ್ಕಂತೆ ಇದರಲ್ಲಿ 209 ಬಗೆಗಳು ಸಾಧ್ಯ.

ಅಮೆರಿಕದ ಮನೆಗಳಿಗೆ ಇವು ಹೊಕ್ಕದ್ದರ ಹಿಂದೆ ಕ್ಯಾಲಿಫೋರ್ನಿಯ ರಾಜ್ಯದ 1975ರ ನಿಯಮವೊಂದಿದೆ. ಪೀಠೋಪಕರಣದ ಫೋಮ್ ಸಣ್ಣ ಜ್ವಾಲೆಯನ್ನು 12 ಸೆಕೆಂಡು ತಾಳಬೇಕೆಂದು ಅದು ವಿಧಿಸಿತು. ಒಂದು ರಾಜ್ಯಕ್ಕೆಂದೇ ಬೇರೆ ಸೋಫಾ ಮಾಡುವುದೇಕೆಂದು ಹಲವು ಕಂಪನಿಗಳು ಅದೇ ಫೋಮನ್ನು ಎಲ್ಲೆಡೆ ಮಾರಿದವು. ಪರೀಕ್ಷೆ ನಡೆಯುತ್ತಿದ್ದುದು ಬರಿಯ ಫೋಮಿನ ಮೇಲೆ. ಬೆಂಕಿ ಮೊದಲು ತಗಲುವುದೋ ಮೇಲುಹೊದಿಕೆಯ ಬಟ್ಟೆಗೆ.

ಪಿಬಿಡಿಇ ಫೋಮಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಬೆರೆತಿರುತ್ತದೆ ಅಷ್ಟೇ. ಹಾಗಾಗಿ ವರ್ಷಗಟ್ಟಲೆ ಹೊರಬಂದು ಮನೆಯ ಧೂಳನ್ನು ಸೇರುತ್ತದೆ. ಅಂಬೆಗಾಲಿಡುವ ಕೂಸು ಸೋಫಾದಡಿಗೆ ಉರುಳಿದ ಆಟಿಕೆಯನ್ನು ಎಳೆದುಕೊಂಡು, ಧೂಳು ಮೆತ್ತಿದ ಬೆರಳುಗಳನ್ನು ಹಾಗೇ ಬಾಯಿಗಿಡುತ್ತದೆ. ತಾಯಿಯ ರಕ್ತಕ್ಕಿಂತ ಪುಟ್ಟ ಮಗುವಿನ ರಕ್ತದಲ್ಲಿ ಇದರ ಪ್ರಮಾಣ ಹೆಚ್ಚಿರುವುದು ಅಮೆರಿಕದ ಅಧ್ಯಯನಗಳಲ್ಲಿ ಕಂಡಿದೆ. ಹುಟ್ಟುವ ಮೊದಲು ಹೊಕ್ಕುಳಬಳ್ಳಿಯಿಂದ, ಆಮೇಲೆ ಎದೆಹಾಲಿನಿಂದಲೂ ಅದು ಮಗುವನ್ನು ತಲುಪುತ್ತದೆ. (ಹಾಗೆಂದು ಎದೆಹಾಲು ಬಿಡಿಸಿ ಎಂದು ತಜ್ಞರು ಹೇಳುವುದಿಲ್ಲ.)

ಪಿಬಿಡಿಇಯ ರಚನೆ ಥೈರಾಕ್ಸಿನ್ ಹಾರ್ಮೋನನ್ನು ಹೋಲುತ್ತದೆ. ಅಲ್ಲಿ ಅಯೋಡಿನ್ ಇರುವಂತೆ ಇಲ್ಲಿ ಬ್ರೋಮಿನ್. ಭ್ರೂಣದ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಅಯೋಡಿನ್ ಉಪ್ಪಿನ ಪ್ರಚಾರ ಕೇಳಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಹಾನಿ ಈ ದಾರಿಯಲ್ಲೇ ಆಗುತ್ತಿರಬಹುದೆಂಬುದು ಒಂದು ಮುಖ್ಯ ವಿವರಣೆ.

ಕ್ಯಾಲಿಫೋರ್ನಿಯದ ಸಲೀನಾಸ್ ಕಣಿವೆಯ ಕೃಷಿಕಾರ್ಮಿಕ ಕುಟುಂಬಗಳನ್ನು ಗರ್ಭಾವಸ್ಥೆಯಿಂದಲೇ ಹಿಂಬಾಲಿಸಿದ ಸಂಶೋಧಕಿ ಬ್ರೆಂಡಾ ಎಸ್ಕೆನಾಜಿ ತಂಡ, ಹೆಚ್ಚು ಪಿಬಿಡಿಇಗೆ ಒಡ್ಡಿಕೊಂಡ ಮಕ್ಕಳಲ್ಲಿ ಗಮನ, ಬೆರಳುಗಳ ಚುರುಕು, ಐಕ್ಯೂ ಮೂರೂ ತಗ್ಗಿದ್ದನ್ನು 2013ರಲ್ಲಿ ವರದಿ ಮಾಡಿತು. ನ್ಯೂಯಾರ್ಕ್, ಸಿನ್ಸಿನಾಟಿಗಳ ಅಧ್ಯಯನಗಳೂ ಇದೇ ದಿಕ್ಕಿಗೆ ಬೊಟ್ಟು ಮಾಡಿದವು. ಲಭ್ಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2017ರ ವಿಮರ್ಶೆಯ ಪ್ರಕಾರ ಒಡ್ಡಿಕೆ ಹತ್ತು ಪಟ್ಟು ಹೆಚ್ಚಿದರೆ ಐಕ್ಯೂ ಸುಮಾರು 3.7 ಅಂಕ ಇಳಿಯುತ್ತದೆ. ಒಂದು ಮಗುವಿನಲ್ಲಿ ಇದು ಯಾರ ಕಣ್ಣಿಗೂ ಬೀಳದು. ಇವೆಲ್ಲ ಸಂಬಂಧವನ್ನು ತೋರುವ, ಕಾರಣವನ್ನು ಸಾಬೀತುಮಾಡದ ಅಧ್ಯಯನಗಳೆಂಬುದೂ ನೆನಪಿರಬೇಕು.

ಅಮೆರಿಕದಲ್ಲಿ ಪಿಬಿಡಿಇಯ ಪೆಂಟಾ, ಆಕ್ಟಾ ಎಂಬ ಮಿಶ್ರಣಗಳ ತಯಾರಿಕೆ 2004ರ ಕೊನೆಗೆ ನಿಂತಿತು. ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದ ಇವನ್ನು 2009ರಲ್ಲೂ ಡೆಕಾ ಮಿಶ್ರಣವನ್ನು 2017ರಲ್ಲೂ ನಿಷೇಧದ ಪಟ್ಟಿಗೆ ಸೇರಿಸಿತು. ಭಾರತದ ಇ-ತ್ಯಾಜ್ಯ ನಿಯಮಗಳು ವಿದ್ಯುನ್ಮಾನ ಉಪಕರಣಗಳಲ್ಲಿ ಪಿಬಿಡಿಇಗೆ ತೂಕದ ಶೇಕಡಾ 0.1ರ ಮಿತಿ ಹಾಕಿವೆ. ಅಮೆರಿಕದ ಫೋಮಿನಲ್ಲಿ ತೆರವಾದ ಜಾಗಕ್ಕೆ ಬಂದವುಗಳಲ್ಲಿ ಕ್ಲೋರಿನೇಟೆಡ್ ಟ್ರಿಸ್ ಎಂಬ ಜ್ವಾಲಾರೋಧಕವೂ ಒಂದು. ಮಕ್ಕಳ ರಾತ್ರಿ ಉಡುಪಿನಲ್ಲಿ ಅದರ ಬಳಕೆಯನ್ನು ತಯಾರಕರು 1970ರ ದಶಕದಲ್ಲೇ ಕೈಬಿಟ್ಟಿದ್ದರು.